ಸೂಜಿಯ ಪಿಸುದನಿ

"ಯಂತ್ರದೊಳಗೆ ಕೈ ಇಟ್ಟಿದ್ದಾಗ ಪ್ಲಗ್ ಹಾಕಿ ನನ್ನ ಮಗನ್ನ ಕೊಂದೋಳು ಇವಳೇ ಅಂತ ಅತ್ತೆ ಹೇಳ್ತಿದಾರೆ. ಪೊಲೀಸರ ಮುಂದೇನೂ ಅದನ್ನೇ ಹೇಳ್ತಾರಂತೆ. ನೀವೇ ಕಾಪಾಡ್ಬೇಕು ಮೇಷ್ಟ್ರೇ."

ಬಾಗಿಲಲ್ಲಿ ನಿಂತು ಹೀಗೆಂದವಳು ಸತ್ತುಹೋದ ರೇಡಿಯೋ ರಿಪೇರಿಯವನ ಹೆಂಡತಿ. ಮೇಷ್ಟ್ರು ಪಾಠ ಹೇಳುವುದನ್ನು ಬಿಟ್ಟು ಇಂಥ ಗಂಟುಗಳನ್ನು ಬಿಡಿಸಲು ತೊಡಗಿ ಬಹಳ ಕಾಲವಾಗಿತ್ತು. ಮೇಷ್ಟ್ರ ಮನೆಯಲ್ಲೇ ಇದ್ದ ನಾನು ಹಿಂದೆ ನಡೆದೆ.

ಆ ಹೆಂಗಸಿನ ಮನೆಯ ನಡುಕೋಣೆಯಲ್ಲಿ ಅತ್ತೆ ಗೋಡೆಗೊರಗಿ ಕುಳಿತಿದ್ದಳು. ಪಕ್ಕದಲ್ಲಿ ಕಿರಿಯ ಮಗ. ಸ್ವಂತ ಪದ್ಯಗಳನ್ನು ವಾಚಿಸಿ ಹೆಸರಾದವನು. ನಾನೂ ಅವನ್ನು ಕಣ್ಣು ಮುಚ್ಚಿ ಕೇಳಿದ್ದೆ, ಕೈಮುಗಿದಿದ್ದೆ.

"ಪ್ಲಗ್ ಕಿತ್ತು ನೆಲದ ಮೇಲಿತ್ತಂತಲ್ಲ?" ಮೇಷ್ಟ್ರು ಕೇಳಿದರು.

"ಆಮೇಲೆ ಕಿತ್ತಿರ್ತಾಳೆ, ಮಳ್ಳಿ!" ಎಂದಳು ಅತ್ತೆ.

"ಅತ್ತಿಗೇನ ಯಾಕಮ್ಮ ಬೈತೀಯ?" ಎಂದ ಮಗ. "ಒಳಗಿನ ಕೆಂಪು ದೀಪ ಆರಿದೆ ಅಂತ ನಂಬಿ ಕೈ ಹಾಕಿದಾನೆ. ಅಣ್ಣನ ಹಣೆಬರಹ. ನಂಗಂತೂ ಅದರ ತಲೆಬುಡ ಗೊತ್ತಿಲ್ಲ. ಆ ಕೋಣೆಗೆ ಕಾಲಿಟ್ಟು ವರ್ಷವಾಯ್ತು."

ಕೆಲಸದ ಕೋಣೆಯಲ್ಲಿ ಬೂದಿಬಣ್ಣದ ಬೆಳಕು. ಮೇಜಿನ ಮೇಲೆ ದನಿ ಹಿಗ್ಗಿಸುವ ಹಳೇ ಯಂತ್ರ, ವಾಲ್ವಿನ ಪ್ರೀ-ಆಂಪ್ಲಿಫೈಯರ್, ಮುಚ್ಚಳ ಹಾಕಿತ್ತು.

"ಅವರನ್ನ ಎತ್ಕೊಂಡು ಹೋದ್ಮೇಲೆ ನಾನೇ ಮುಚ್ಚಿದೆ. ಮೈದುನ ಬಂದಿದ್ದು ಆಮೇಲೆ," ಎಂದಳು ಹೆಂಡತಿ. "ರೇಡಿಯೋ ಕೇಳೋಕೆ ಇದು ಸಾಕಿತ್ತು. ಗ್ರಾಮಫೋನ್ ತಟ್ಟೆಯ ದನಿ ತೀರಾ ಸಣ್ಣದಂತೆ. ಅದನ್ನ ದೊಡ್ಡದು ಮಾಡೋ ಫೋನೋ ಭಾಗಾನ ಕೈಯಾರೆ ಸೇರಿಸ್ತಿದ್ರು. ತೀರಿಹೋದ ಮಾವನವರು ವಾಚಿಸಿದ ಒಂದೇ ಒಂದು ತಟ್ಟೆ ಸಿಕ್ಕಿತ್ತು."

ಮೇಷ್ಟ್ರು ಮುಚ್ಚಳ ತೆಗೆದರು. ಮೂಲೆಯಲ್ಲಿ ಪುಟ್ಟ ಕೆಂಪು ದೀಪ.

"ಇದು ಈ ಕೆಲಸಕ್ಕೆ ಅಂತ ಮೊನ್ನೆ ಹಾಕ್ಕೊಂಡಿದ್ದು. ಪ್ಲಗ್ ಕಿತ್ತು, ಇದು ಆರೋವರೆಗೂ ಕೈ ಇಡ್ತಿರ್ಲಿಲ್ಲ."

ಮೇಷ್ಟ್ರು ತಂತಿಗಳನ್ನು ಇಕ್ಕಳದಿಂದ ಎತ್ತಿ ನೋಡಿದರು. ಬಳಿಕ ಪಕ್ಕದ ಗ್ರಾಮಫೋನಿನ ಮೇಲಿದ್ದ ತಟ್ಟೆಯನ್ನು ತಿರುಗಿಸಿ, ಸೂಜಿ ಇಳಿಸಿ ನನ್ನತ್ತ ನೋಡಿದರು. "ನಿಮ್ಮ ಕಿವಿ ಸೂಕ್ಷ್ಮ. ಸೂಜಿಯ ಹತ್ತಿರ ಇಡಿ."

ನಾನು ಬಗ್ಗಿದೆ. ಯಂತ್ರದ ಹಂಗಿಲ್ಲದೆ, ಸೂಜಿಯ ತುದಿಯಿಂದಲೇ ಎಳೆಯಷ್ಟು ತೆಳ್ಳನೆಯ ದನಿ ಬರುತ್ತಿತ್ತು. ಮುದಿ ಗಂಟಲು, ಸಾಲಿನ ಕೊನೆಯಲ್ಲಿ ಸಣ್ಣ ಏದುಸಿರು. ಪದ್ಯ ಗುರುತಾದೊಡನೆ ಮೇಷ್ಟ್ರ ಕಿವಿಯಲ್ಲಿ ಉಸುರಿದೆ.

ಮೇಷ್ಟ್ರು ಎಲ್ಲರನ್ನೂ ಕರೆಸಿದರು. ಪ್ಲಗ್ ಹಾಕಿದರು, ಕಿತ್ತರು, ಸ್ವಲ್ಪ ಕಾದರು. ಪ್ಲಗ್ ಹಾಕಿದಾಗಲೂ ಕೆಂಪು ದೀಪ ಹೊತ್ತಿರಲೇ ಇಲ್ಲ. ಸ್ಕ್ರೂಡ್ರೈವರನ್ನು ಕೆಪಾಸಿಟರಿಗೆ ತಾಕಿಸಿದೊಡನೆ 'ಚಟ್' ಎಂದು ನೀಲಿ ಕಿಡಿ ಹಾರಿತು. ಅತ್ತೆ ಚೀರಿದಳು.

"ಪ್ಲಗ್ ಕಿತ್ತರೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿಯುತ್ತೆ. ಅದನ್ನ ಮೆಲ್ಲಗೆ ಇಳಿಸೋ ರೆಸಿಸ್ಟರಿನ ಕಾಲನ್ನ ಯಾರೋ ಕತ್ತರಿಸಿದಾರೆ. ದೀಪದ ತಂತೀನೂ ಕತ್ತರಿಸಿ, ಕಾಣದ ಹಾಗೆ ಅದರ ಮೇಲೆ ಪ್ಲಾಸ್ಟಿಕ್ ಕೊಳವೆ ಎಳೆದಿದಾರೆ. ಫೋನೋ ಭಾಗಕ್ಕೆ ವಿದ್ಯುತ್ ತಗೊಳ್ಳೋಕೆ ನಿಮ್ಮ ದೊಡ್ಡ ಮಗ ಅಲ್ಲೇ ಕೈ ಇಡಬೇಕಿತ್ತು. ಇದರಲ್ಲಿ ನಿಮ್ಮ ಸೊಸೆಯ ಪಾತ್ರ ಏನೂ ಇಲ್ಲಮ್ಮ."

ಮೇಷ್ಟ್ರು ಕಿರಿಯ ಮಗನ ಕಡೆ ತಿರುಗಿದರು. "ಮೊನ್ನೆ ಹಾಕಿದ ದೀಪ. ವರ್ಷದಿಂದ ಈ ಕೋಣೆಗೆ ಬಾರದ ನಿಮಗೆ ಅದರ ಬಣ್ಣ ಹೇಗಪ್ಪ ಗೊತ್ತಾಯ್ತು? ಫೋನೋ ಭಾಗ ಇಲ್ದಿದ್ರೆ ತಟ್ಟೆ ಮೂಗ ಅಂದ್ಕೊಂಡ್ರಿ. ಅದು ಮಾತಾಡಿತು."

ಎಲ್ಲರೂ ನನ್ನತ್ತ ನೋಡಿದರು. "ಇವರು ತಮ್ಮವೆಂದು ವಾಚಿಸುವ ಪದ್ಯಗಳೇ," ಎಂದೆ. "ಅಪ್ಪನ ದನಿಯಲ್ಲಿ."

"ಅವನು ಸಾಯ್ಲಿ ಅಂತಲ್ಲ," ಕಿರಿಯ ಮಗ ತೊದಲಿದ. "ಯಂತ್ರ ಸುಟ್ಟುಹೋಗ್ಲಿ ಅಂತ..."

"ಯಂತ್ರ ಸುಡೋಕೆ ದೀಪ ಆರಿಸಬೇಕಾಗಿರಲಿಲ್ಲ."

ಅತ್ತೆ ಕಿರಿಯ ಮಗನಿಂದ ಮುಖ ತಿರುಗಿಸಿ ಸೊಸೆಯನ್ನು ನೋಡಿದಳು.

"ನೀನೇ ಕೊಂದಿದ್ರೆ," ಎಂದಳು, "ನಂಗೆ ಒಬ್ಬನಾದ್ರೂ ಉಳೀತಿದ್ದ."