ಒಡೆದ ಒಂದು ಹಸಿರು ಬಳೆ

"ಆ ಬಳೆ ಮುಟ್ಟಿದ್ರೆ ಜಾಗ್ರತೆ!"

ಊರ್ಮಿಳಾ ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡಳು. ಚಾವಡಿಯ ಬಾಗಿಲಲ್ಲಿ ನಿಂತಿದ್ದವನ ಅಂಗಿಯ ತುಂಬ ರಬ್ಬರ್ ಹಾಲಿನ ಕಲೆ, ಮುಖದ ತುಂಬ ಸಿಟ್ಟು!

ಅವನೇ ಲತೀಶ್. ಐವರ್ನಾಡಿನಲ್ಲಿ ರಬ್ಬರ್ ತೋಟ ನೋಡಿಕೊಂಡಿದ್ದವನು. ಊರವರಿಗೆಲ್ಲ ಬೆಣ್ಣೆಯಂಥ ಮನುಷ್ಯ. ಆದರೆ ತಂಗಿ ಪ್ರೀತಿಕಾಳ ವಿಷಯಕ್ಕೆ ಬಂದರೆ ಮಾತ್ರ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆ ತಂಗಿ ಎಂಟು ತಿಂಗಳ ಗರ್ಭಿಣಿ. ಕಡಬದ ಗಂಡನ ಮನೆಯಲ್ಲಿ ಬಯಕೆ, ಅಂದರೆ ಸೀಮಂತದ ಶಾಸ್ತ್ರ ಮುಗಿಸಿಕೊಂಡು ತವರಿಗೆ ಬಂದು ವಾರವಾಗಿತ್ತಷ್ಟೆ. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಟ್ಟು ಕುರ್ಚಿಯಲ್ಲಿ ಕೂತು, ಇವರಿಬ್ಬರ ಮುಖವನ್ನೂ ಗಾಬರಿಯಿಂದ ನೋಡುತ್ತಿದ್ದಳು.

"ಈ ಬಳೆ ತುಂಬ ಬಿಗಿ ಆಗಿದೆ. ತೆಗೀಬೇಕು," ಎಂದಳು ಊರ್ಮಿಳಾ.

"ತೆಗೀಬೇಕಾ? ಹೆರಿಗೆ ಆಗುವವರೆಗೆ ಬಯಕೆಯ ಬಳೆ ತೆಗೀಲಿಕ್ಕೆ ಉಂಟಾ? ನೀವು ಯಾವ ಊರಿನವರು ಮಾರಾಯ್ರೆ?"

"ನರಿಮೊಗರಿನವಳು. ನಮ್ಮಲ್ಲೂ ಬಯಕೆ ಮಾಡ್ತಾರೆ, ಬಳೆ ಹಾಕ್ತಾರೆ. ಎಲ್ಲ ಗೊತ್ತುಂಟು ನಂಗೆ."

ಊರ್ಮಿಳಾ ಪುತ್ತೂರಿನ ಆಸ್ಪತ್ರೆಯ ನರ್ಸ್. ಗರ್ಭಿಣಿಯರ ರಕ್ತದೊತ್ತಡಕ್ಕೂ ಹುಟ್ಟುವ ಮಗುವಿನ ತೂಕಕ್ಕೂ ಇರುವ ಸಂಬಂಧದ ಬಗ್ಗೆ ಅಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ಪುತ್ತೂರು, ಸುಳ್ಯ, ಕಡಬದ ಎಷ್ಟೋ ಹೆಂಗಸರು ಅದರಲ್ಲಿ ಸೇರಿದ್ದರು. ಬಸುರಿ ಹೆಂಗಸು ಗಂಡನ ಮನೆಯಲ್ಲೇ ಇರುತ್ತಾಳೆಯೇ? ತವರಿಗೆ ಹೊರಟುಬಿಡುತ್ತಾಳೆ! ಹಾಗಾಗಿ ಊರ್ಮಿಳಾಳ ಸ್ಕೂಟರೂ ಅವರ ಹಿಂದೆಯೇ ತವರಿನಿಂದ ತವರಿಗೆ ಅಲೆಯುತ್ತಿತ್ತು. ಕಡಬದಲ್ಲಿ ಹೆಸರು ಕೊಟ್ಟಿದ್ದ ಪ್ರೀತಿಕಾಳನ್ನು ಹುಡುಕಿಕೊಂಡು ಅವಳು ಐವರ್ನಾಡಿಗೆ ಬಂದದ್ದು ಹೀಗೆ.

"ಹೋದ ವಾರ ಹಾಕುವಾಗ ಸಡಿಲ ಇತ್ತಲ್ವಾ ಪ್ರೀತಿಕಾ?"

"ಹೌದಕ್ಕ... ಈಗ ತಿರುಗುದೇ ಇಲ್ಲ."

"ಕೈ ತುಂಬಿಕೊಂಡಿದೆ ಅಷ್ಟೆ!" ಒಳಗಿನಿಂದ ಸೀತತ್ತೆ ನಗುತ್ತಾ ಬಂದರು. ತಾಯಿಯಿಲ್ಲದ ಈ ಮನೆಗೆ ಹಿರಿಯರೆಂದರೆ ಅವರೇ. "ತವರಿನ ಊಟ ಮೈಗೆ ಹಿಡಿದಿದೆ. ಒಳ್ಳೇದೇ ಅಲ್ವಾ?"

ಊರ್ಮಿಳಾ ನಗಲಿಲ್ಲ. ಪ್ರೀತಿಕಾಳ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ನಂಬಲಾರದೆ ಇನ್ನೊಮ್ಮೆ ನೋಡಿದಳು. ಅದು ತುಂಬ ಮೇಲೇರಿತ್ತು!

"ತಲೆನೋವು ಉಂಟಾ?"

"ನಿನ್ನೆಯಿಂದ ಉಂಟು. ಕಣ್ಣೆದುರು ಏನೋ ಮಿಣುಮಿಣು ಆಗ್ತದೆ..."

"ಇವತ್ತೇ, ಈಗಲೇ ಪುತ್ತೂರಿನ ಆಸ್ಪತ್ರೆಗೆ ಹೋಗ್ಬೇಕು." ಊರ್ಮಿಳಾ ಲತೀಶನತ್ತ ತಿರುಗಿದಳು. "ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ನಿಮ್ಮ ಅಮ್ಮನ ಹೆರಿಗೆಯಲ್ಲಿ ಎಂತಾದ್ರೂ ತೊಂದರೆ ಆಗಿತ್ತಾ?"

ಅಯ್ಯೋ... ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಅದು!

ಸೀತತ್ತೆಯ ನಗು ನಿಂತಿತು. ಲತೀಶನ ಮುಖ ಬಿಳುಚಿಕೊಂಡಿತು, ಆಮೇಲೆ ಕೆಂಪಾಯಿತು.

"ಇವಳನ್ನು ಹೆತ್ತ ದಿನವೇ ಅಮ್ಮ ಹೋದದ್ದು. ಸಾಕಾ? ಬರ್ಕೊಂಡ್ರಾ? ಅಮ್ಮ ಹಾಕಬೇಕಾಗಿದ್ದ ಬಳೆಯನ್ನು ನಾನು ಕಡಬಕ್ಕೆ ಹೋಗಿ ಕೈಯಾರೆ ಹಾಕಿದ್ದು ಮೇಡಂ. ಅದನ್ನು ತೆಗೀಬೇಕು ಹೇಳ್ತೀರಿ... ನಿಮಗೆ ನನ್ನ ತಂಗಿ ಒಂದು ನಂಬ್ರ. ನಂಗೆ ಇರುವುದೇ ಅವಳೊಬ್ಬಳು. ಹೋಗಿ ನೀವು!"

ಊರ್ಮಿಳಾಳ ಕಣ್ಣಲ್ಲಿ ನೀರು ತುಂಬಿತು. ಅಂಗಳಕ್ಕಿಳಿದಳು. ಆದರೆ ಸ್ಕೂಟರ್ ಹತ್ತಲಿಲ್ಲ.

'ಹೋಗುವುದಿಲ್ಲ... ಬೈದರೂ ಹೋಗುವುದಿಲ್ಲ. ಆ ಹುಡುಗಿಯನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೇಗೆ ಹೋಗಲಿ?'

ಕಣ್ಣೊರೆಸಿಕೊಂಡು, ಸಂಶೋಧನೆ ನೋಡಿಕೊಳ್ಳುತ್ತಿದ್ದ ಪುತ್ತೂರಿನ ಡಾಕ್ಟರ್ ಫರ್ಝಾನಾಗೆ ಫೋನ್ ಮಾಡಿದಳು. ವಿಷಯ ತಿಳಿಸಿ, ಒಂದು ಹಾಸಿಗೆ ತಯಾರಿಡಲು ಕೇಳಿಕೊಂಡಳು. ತಿರುಗಿ ನೋಡಿದರೆ ಲತೀಶ್ ಹಿಂದೆಯೇ ನಿಂತಿದ್ದ! ಇನ್ನೊಮ್ಮೆ ಬೈಯಲು ಬಂದಿದ್ದಾನೆ ಎಂದುಕೊಂಡಳು. ಆದರೆ ಅವನ ಕೈಯಲ್ಲಿ ಜೀಪಿನ ಕೀ ಇತ್ತು.

"ಸೀತತ್ತೆ ಈಗ 'ಕೈ ತುಂಬಿಕೊಂಡಿದೆ' ಹೇಳಿದ್ರಲ್ಲ..." ಎಂದ ಅವನು. "ಅಮ್ಮನಿಗೂ ಎಲ್ಲರೂ ಇದೇ ಮಾತು ಹೇಳಿದ್ದು. ನಾನು ಚಿಕ್ಕವ. 'ಈ ಬಳೆ ಒಮ್ಮೆ ತಿರುಗಿಸಿ ಕೊಡು ಮಗಾ, ನೋಯ್ತದೆ' ಹೇಳ್ತಿದ್ರು ಅಮ್ಮ. ಎಷ್ಟು ತಿರುಗಿಸಿದ್ರೂ ತಿರುಗ್ತಿರಲಿಲ್ಲ. ಅಮ್ಮ ದಪ್ಪ ಆಗಿದ್ದಾರೆ ಅಂತ ನಾವೆಲ್ಲ ನಗಾಡಿದ್ದು... ಆಮೇಲೆ ಅವರಿಗೆ ಫಿಟ್ಸ್ ಬಂತು."

"ಹೊರಡುವ," ಎಂದಳು ಊರ್ಮಿಳಾ. "ಇನ್ನೂ ಸಮಯ ಉಂಟು."

ಜೀಪಿನ ಹಿಂದಿನ ಸೀಟಿನಲ್ಲಿ ಪ್ರೀತಿಕಾಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಅದಕ್ಕೆ ತೆಂಗಿನೆಣ್ಣೆ ಸವರಿದ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, ಊರ್ಮಿಳಾ ಬಳೆಗಳನ್ನು ಒಂದೊಂದಾಗಿ ಜಾರಿಸತೊಡಗಿದಳು. ಗಾಜು ಒಡೆಯಬಾರದು, ಅಪಶಕುನ ಎಂದು ಆ ಹುಡುಗಿ ಹೆದರಬಾರದು... ಮುಂದೆ ಸ್ಟೇರಿಂಗ್ ಹಿಡಿದಿದ್ದವನ ಕಣ್ಣು ಮತ್ತೆಮತ್ತೆ ಕನ್ನಡಿಗೆ ಬರುತ್ತಿತ್ತು.

ಎಲ್ಲ ಬಂದವು, ಒಂದು ಬಿಟ್ಟು. ಅದು ಬಾತ ಮಣಿಕಟ್ಟಿನಲ್ಲಿ ಕಚ್ಚಿಕೊಂಡುಬಿಟ್ಟಿತ್ತು.

"ಇದು ಬರುದಿಲ್ಲ," ಎಂದಳು ಊರ್ಮಿಳಾ ಮೆಲ್ಲಗೆ. "ಒಡೀಲಾ?"

ಅವನು ಜೀಪಿನ ವೇಗ ತಗ್ಗಿಸಿದ.

"ಒಡೀರಿ. ನಿಮ್ಮ ಕೈಗೆ ತಾಗದ ಹಾಗೆ ನೋಡ್ಕೊಳ್ಳಿ."

ಬಳೆ ಚಟ್ಟೆಂದಿತು. ಊರ್ಮಿಳಾಳ ಬೆರಳಿನಿಂದ ರಕ್ತ ಜಿನುಗಿತು. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು, ಆದರೆ ಅವನು ಕನ್ನಡಿಯಲ್ಲಿ ನೋಡಿಬಿಟ್ಟಿದ್ದ.

ಅಂದು ಸಂಜೆಯೇ ಡಾಕ್ಟರ್ ಫರ್ಝಾನಾ ಆಪರೇಷನ್ ಮಾಡಿದರು. ಹೆಣ್ಣು ಮಗು! ಆದರೆ ಎಷ್ಟು ಸಣ್ಣದು... ಅಂಗೈಯಲ್ಲೇ ಮಲಗಿಸಬಹುದು ಎನ್ನುವಷ್ಟು. ಪ್ರೀತಿಕಾಗೆ ಇನ್ನೂ ಇಂಜೆಕ್ಷನ್ ನಡೆಯುತ್ತಿತ್ತು, ಕಣ್ಣು ಬಿಡುವ ಶಕ್ತಿಯೂ ಇರಲಿಲ್ಲ. ಅವಳ ಗಂಡ ಸಂಪ್ರೀತ್ ಜ್ವರದಲ್ಲಿ ಕೆಮ್ಮುತ್ತಿದ್ದ. ಪಾಪ, ಮಗುವನ್ನು ಅವನಿಗೆ ಗಾಜಿನ ಹೊರಗಿನಿಂದಷ್ಟೇ ತೋರಿಸಿದರು.

ಮರುದಿನ ಡಾಕ್ಟರ್ ಹೊರಬಂದರು. "ಇಷ್ಟು ಸಣ್ಣ ಮಗುವಿಗೆ ಮನುಷ್ಯರ ಮೈಯ ಬಿಸಿ ಬೇಕು. ಎದೆಗೆ ಎದೆ ತಾಗಿಸಿ ಇಟ್ಟುಕೊಳ್ಳಬೇಕು. ತಾಯಿ ಏಳುವವರೆಗೆ ಯಾರು ಕೂತುಕೊಳ್ತೀರಿ?"

"ನಾನು," ಎಂದ ಲತೀಶ್.

"ಗಂಡಸು!" ಸೀತತ್ತೆ ಬೆರಗಾದರು. "ಅದೂ ಅಮೆ, ಹೆರಿಗೆಯ ಸೂತಕ ಇರುವಾಗ? ಈಗ ಬಾಣಂತಿಯನ್ನೂ ಮಗುವನ್ನೂ ಯಾರಾದ್ರೂ ಮುಟ್ಟುದುಂಟಾ ಲತೀಶ?"

"ಸೋದರಮಾವ ಅಲ್ವಾ ಸೀತತ್ತೆ ನಾನು? ಆ ಮೈಲಿಗೆ ನಂಗೇ ಇರಲಿ."

ರಬ್ಬರ್ ಶೀಟಿನ ವಾಸನೆ ಹೋಗುವವರೆಗೆ ಸೋಪು ಹಾಕಿ ತೊಳೆದುಕೊಂಡು ಬಂದ. ಅಂಗಿ ಬಿಚ್ಚಿ, ನಾಚಿಕೊಂಡು, ಒರಗು ಕುರ್ಚಿಯಲ್ಲಿ ಕೂತ. ಊರ್ಮಿಳಾ ಮಗುವನ್ನು ಅವನ ಎದೆಯ ಮೇಲೆ ಮಲಗಿಸಿ, ಮೃದುವಾದ ಬಟ್ಟೆಯಿಂದ ಇಬ್ಬರನ್ನೂ ಸೇರಿಸಿ ಕಟ್ಟಿದಳು.

ಅಷ್ಟು ದೊಡ್ಡ ಮನುಷ್ಯ ಕಲ್ಲಾಗಿಬಿಟ್ಟ! ಅಲ್ಲಾಡಲಿಲ್ಲ, ರೆಪ್ಪೆ ಮಿಟುಕಿಸಲಿಲ್ಲ.

"ಉಸಿರು ಬಿಡಿ ಮಾರಾಯ್ರೆ!" ಊರ್ಮಿಳಾಗೆ ನಗು ತಡೆಯಲಾಗಲಿಲ್ಲ. "ಬೇಗ ಹುಟ್ಟಿದ ಮಕ್ಕಳು ಒಮ್ಮೊಮ್ಮೆ ಉಸಿರಾಡಲಿಕ್ಕೆ ಮರೀತಾವೆ. ನಿಮ್ಮ ಎದೆ ಏರಿ ಇಳಿದ್ರೆ ಇವಳಿಗೂ ನೆನಪಾಗ್ತದೆ."

ಅವನು ಉಸಿರು ಬಿಟ್ಟ. ಮಗು ಮಿಸುಕಿತು. ಅವನ ಕಣ್ಣಿನಿಂದ ನೀರು ತಾನಾಗಿಯೇ ಇಳಿಯಿತು.

"ಮೇಡಂ... ನಿನ್ನೆ ನಿಮಗೆ 'ಹೋಗಿ' ಹೇಳಿದೆ. ನೀವು ಹೋಗಿದ್ರೆ?"

"ಹೋಗಲಿಲ್ಲ ಅಲ್ವಾ?"

"ಯಾಕೆ ಹೋಗಲಿಲ್ಲ?"

ಅವಳು ಮಗುವಿನ ಟೊಪ್ಪಿ ಸರಿಮಾಡಿದಳು. ಬ್ಯಾಂಡೇಜು ಸುತ್ತಿದ ಅವಳ ಬೆರಳನ್ನೇ ಅವನು ನೋಡುತ್ತಿದ್ದ. ಊರ್ಮಿಳಾಳ ಕೆನ್ನೆ ಯಾಕೋ ಬಿಸಿಯಾಯಿತು.

ಆಮೇಲಿನ ದಿನಗಳಲ್ಲಿ ಪ್ರೀತಿಕಾ ಎದ್ದು ಕೂತಳು, ಮಗುವನ್ನು ತಾನೇ ಎದೆಗೊತ್ತಿಕೊಂಡಳು. ಆದರೂ ಸೋದರಮಾವನ ಸರದಿ ತಪ್ಪಲಿಲ್ಲ. ಊರ್ಮಿಳಾಗೂ ಬೇರೆ ವಾರ್ಡಿನ ದಾರಿ ಮರೆತುಹೋದಂತಿತ್ತು! ಮಗುವಿನ ನೆಪದಲ್ಲಿ ಅವರು ಮಂಡೆಕೋಲು ಊರಿನ ಅವನ ನೆಂಟರ ಕಥೆಯಿಂದ ಹಿಡಿದು ಮೀನು ಸಾರಿನವರೆಗೆ ಎಲ್ಲ ಮಾತಾಡಿದರು.

ಆದರೆ ಒಂದು ಬೆಳಿಗ್ಗೆ...

ಊರ್ಮಿಳಾ ಮಗುವನ್ನು ತಕ್ಕಡಿಯಲ್ಲಿಟ್ಟಳು. ತೂಕ ಸ್ವಲ್ಪ ಇಳಿದಿತ್ತು. ಎತ್ತಿ ಮತ್ತೆ ಇಟ್ಟಳು. ಮತ್ತೂ ಎತ್ತಿ ಇಟ್ಟಳು. ಬಾಗಿಲಲ್ಲಿ ಕಾಯುತ್ತಿದ್ದವನ ಆಸೆಗಣ್ಣು ಕಂಡಿತು. 'ಸ್ವಲ್ಪ ಜಾಸ್ತಿ ತೋರಿಸು ದೇವರೇ... ಅವರ ಮುಖ ಬಾಡಬಾರದು...'

ತಕ್ಷಣ ಅವಳ ಕೈ ನಿಂತಿತು.

'ನಾನು ಎಂತ ಮಾಡ್ತಾ ಇದ್ದೇನೆ? ನಂಗೆ ಬೇಕಾದ ತೂಕ ಬರುವವರೆಗೆ ತೂಗ್ತಾ ಇದ್ದೇನಾ?'

ಮೊದಲು ಬಂದ ತೂಕವನ್ನೇ ಬರೆದಳು. ಈ ಅಳತೆಗಳನ್ನು ನಂಬಿ ನಾಳೆ ಇನ್ನೆಷ್ಟೋ ತಾಯಂದಿರಿಗೆ ಔಷಧ ಕೊಡುವವರಿದ್ದರು. ಅಳೆಯುವವಳ ಆಸೆ ಅಳತೆಗೆ ತಾಗಿದರೆ ಆ ತಾಯಂದಿರ ಗತಿ? ಅಂದೇ ಡಾಕ್ಟರ್ ಫರ್ಝಾನಾ ಬಳಿ ಹೋಗಿ, "ಐವರ್ನಾಡಿನ ಮಗುವನ್ನು ಇನ್ನು ನಮ್ಮ ನರ್ಸ್ ದೀಕ್ಷಿತಾ ನೋಡಲಿ. ನಂಗೆ ಆಗುದಿಲ್ಲ," ಎಂದಳು. ಕಾರಣ ಕೇಳಿದಾಗ ಅತ್ತಳು. ಡಾಕ್ಟರ್‌ಗೆ ಎಲ್ಲ ಅರ್ಥವಾಯಿತು.

ಲತೀಶನಿಗೆ ಮಾತ್ರ ಏನೂ ಅರ್ಥವಾಗಲಿಲ್ಲ!

ಮಗು ಮನೆಗೆ ಬಂತು. ಅಂಗಳದಲ್ಲಿ ಸ್ಕೂಟರ್ ಸದ್ದಾದಾಗ ಓಡಿಬಂದ. ದೀಕ್ಷಿತಾ ಇಳಿದಳು. ಅವಳ ಹಿಂದೆ ಗೇಟಿನವರೆಗೂ ಅವನ ಕಣ್ಣು ಹುಡುಕಿತು. ಫೋನ್ ಮಾಡಿದರೆ ಊರ್ಮಿಳಾ ಎತ್ತಲಿಲ್ಲ.

'ತಂಗಿಯನ್ನು ನಂಬ್ರ ಅಂದುಕೊಂಡಿದ್ದೆ... ಬಹುಶಃ ನಾನೇ ನಂಬ್ರ. ಕೆಲಸ ಮುಗೀತು, ಮರೆತುಬಿಟ್ಟಳು.'

ಇತ್ತ ಊರ್ಮಿಳಾ ಮೊಬೈಲಿನಲ್ಲಿ ಅವನ ಹೆಸರು ಬೆಳಗಿ ಆರುವುದನ್ನು ನೋಡುತ್ತ ಕೂತಿದ್ದಳು. ಎತ್ತಿದರೆ ಆ ಮನೆಗೆ ಓಡಿಬಿಡುತ್ತೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಗುವಿನ ಕೊನೆಯ ತಪಾಸಣೆಯ ದಿನ ಬಂತು. ಪುತ್ತೂರಿನ ಆಸ್ಪತ್ರೆಯಲ್ಲಿ ದೀಕ್ಷಿತಾ ತೂಕ ನೋಡಿ ಕೂಗಿಯೇಬಿಟ್ಟಳು, "ಅಬ್ಬಾ, ಗುಂಡಮ್ಮ ಆಗಿದ್ದಾಳೆ!" ಪ್ರೀತಿಕಾ ನಕ್ಕಳು. ಲತೀಶ್ ನಗುತ್ತಲೇ ತಿರುಗಿದ. ವರಾಂಡದ ಕಂಬದ ಮರೆಯಲ್ಲಿ ನಿಂತು, ಕಣ್ಣೊರೆಸಿಕೊಳ್ಳುತ್ತಿದ್ದವಳು ಕಂಡಳು!

"ಮೇಡಂ!"

ಊರ್ಮಿಳಾ ಓಡಲು ನೋಡಿದಳು. ಅವನು ಅಡ್ಡ ನಿಂತ.

"ನಾನು ಎಂತ ತಪ್ಪು ಮಾಡಿದೆ? ಅದೊಂದು ಹೇಳಿ. ಮೊದಲ ದಿನ ಬೈದದ್ದಾ? ಅದಕ್ಕೆ ಇನ್ನೂ ಸಿಟ್ಟುಂಟಾ?"

"ಇಲ್ಲ..."

"ಮತ್ತೆ? ಅಷ್ಟು ದಿನ ಜೊತೆಗಿದ್ದು ಒಂದು ಮಾತೂ ಹೇಳದೆ ಹೋಗುದಾ? ಗೇಟಿನಲ್ಲಿ ಪ್ರತಿ ಸಲ ಕಾದೆ ನಾನು."

ಊರ್ಮಿಳಾಳ ಸಂಯಮ ಒಡೆಯಿತು. "ನಿಮ್ಮ ಮುಖ ಬಾಡಬಾರದು ಅಂತ ಮಗುವನ್ನು ಮತ್ತೆಮತ್ತೆ ತೂಗಿದೆ! ಅಳತೆ ಮಾಡುವವರು ಹಾಗೆ ಆಸೆ ಇಟ್ಟುಕೊಳ್ಳಬಾರದು... ನಾನು ಇಟ್ಟುಕೊಂಡೆ. ಮಗುವಿನ ಮೇಲೆ ಮಾತ್ರ ಅಲ್ಲ..." ಅವಳು ಮುಖ ತಿರುಗಿಸಿಕೊಂಡಳು. "ಅದಕ್ಕೇ ಬರಲಿಲ್ಲ. ಹೇಳಿದ್ರೆ ಬಾರದೆ ಇರ್ಲಿಕ್ಕೆ ಆಗ್ತಿರಲಿಲ್ಲ."

ಲತೀಶ್ ಒಂದು ಹೆಜ್ಜೆ ಹತ್ತಿರ ಬಂದ. ಇಷ್ಟು ದಿನ ಎದೆಯಲ್ಲಿ ಕುಟುಕುತ್ತಿದ್ದದ್ದೆಲ್ಲ ಕರಗಿಹೋಯಿತು.

"ಇವತ್ತು ಕೊನೆಯ ತೂಕ ಅಲ್ವಾ?"

"ಹೌದು."

"ಹಾಗಾದ್ರೆ ಇನ್ನು ಆಸೆ ಇಟ್ಟುಕೊಳ್ಳಬಹುದು?"

ಅವಳು ತಲೆ ತಗ್ಗಿಸಿದಳು. ಕಣ್ಣೀರಿನ ನಡುವೆ ನಗು ಬಂತು. ಅವನು ಕಿಸೆಯಿಂದ ಕಾಗದದ ಪೊಟ್ಟಣ ತೆಗೆದ. ಅದರಲ್ಲಿ ಒಂದೇ ಒಂದು ಹಸಿರು ಗಾಜಿನ ಬಳೆ.

"ನೀವು ನಮ್ಮ ಮನೆಯ ಬಳೆ ಒಂದು ಒಡೆದಿದ್ದೀರಿ," ಎಂದ, ದನಿ ಗಟ್ಟಿ ಮಾಡಿಕೊಂಡು.

"ಬೇರೆ ತಂದು ಕೊಡ್ತೇನೆ..."

"ಕೊಡುದು ಬೇಡ. ಹಾಕಿಕೊಳ್ಳಿ."

ಊರ್ಮಿಳಾ ತಲೆಯೆತ್ತಿದಳು.

"ಅಳತೆ ಗೊತ್ತಿರಲಿಲ್ಲ. ಬೆರಳು ಸೇರಿಸಿ ಇಷ್ಟು ಅಂತ ತೋರಿಸಿದೆ. ಬಳೆಯಂಗಡಿಯ ಯೂಸುಫಣ್ಣ ನಗಾಡಿದ್ರು. ಅಂದಿನಿಂದ ಕಿಸೆಯಲ್ಲೇ ಉಂಟು. ಮನೆಯವರನ್ನು ಕರ್ಕೊಂಡು ನರಿಮೊಗರಿಗೆ ಬರ್ತೇನೆ, ಸೀತತ್ತೆ ಆಗಲೇ ಸೀರೆ ತೆಗೆದಿಟ್ಟಿದ್ದಾರೆ. ಆದ್ರೆ ಮೊದಲು ನಿಮ್ಮ ಬಾಯಿಂದ ಕೇಳ್ಬೇಕು... ಊರ್ಮಿಳಾ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ! ಅವಳು ಗಾಜಿನ ಗಾಯದ ಗುರುತಿದ್ದ ಕೈಯನ್ನೇ ಅವನ ಮುಂದೆ ಚಾಚಿದಳು.

ಅವನು ಉಸಿರು ಬಿಗಿಹಿಡಿದು, ಅಂದು ಮಗುವನ್ನು ಹಿಡಿದಷ್ಟೇ ಹುಷಾರಿನಿಂದ ಬಳೆ ತೊಡಿಸಿದ.

"ಉಸಿರು ಬಿಡಿ ಮಾರಾಯ್ರೆ," ಪಿಸುಗುಟ್ಟಿದಳು ಅವಳು.

ಅವನು ಬಳೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿದ. ಅದು ಸುತ್ತಲೂ ತಿರುಗಿತು.

"ಬಿಗಿ ಉಂಟಾ?"

"ಇಲ್ಲ. ಸರೀ ಉಂಟು."

"ಯಾವಾಗಾದ್ರೂ ಬಿಗಿ ಆದ್ರೆ ನಂಗೆ ಹೇಳ್ಬೇಕು ಊರ್ಮಿಳಾ." ಅವನ ಕಣ್ಣು ತುಂಬಿ ಬಂತು. "ನಾನು ಇನ್ನು ನಗಾಡುದಿಲ್ಲ."

"ಹೇಳ್ತೇನೆ," ಎಂದು ಅವಳು ಅವನ ಕೈ ಹಿಡಿದುಕೊಂಡಳು.