ಗುರುವಾರಕ್ಕೆ ಕಾದ ಅರ್ಜಿ

“ಎಲ್ಲರದೂ ಹೋಗೈತಿ. ನಂದೊಂದೇ ಯಾಕ ಹೋಗಿಲ್ಲ?”

ದೇವಿಕಾ ಚಪ್ಪಲಿ ಸಹ ಬಿಡದೆ ಒಳಗೆ ನುಗ್ಗಿದ್ದಳು. ನಾರಾಯಣಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿರುವ ಆ ವಯಸ್ಕರ ಶಿಕ್ಷಣ ಕೇಂದ್ರದೊಳಗೆ ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡುವುದಿಲ್ಲ. ಅದು ಸಂಕರ್ಷಣ ಸರ್ ಮಾಡಿದ ನಿಯಮ. ಇವತ್ತು ಅವಳಿಗೆ ಆ ನಿಯಮವೂ ಬೇಡ, ಆ ಸರ್ರೂ ಬೇಡ. ದಾಮರಗಿದ್ದದಿಂದ ಮೊದಲನೇ ಬಸ್ಸು ಹಿಡಿದವಳು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಿದ್ದಳು.

ಕಸಗುಡಿಸುತ್ತಿದ್ದ ಸಂಕರ್ಷಣ ಕಸಬರಿಗೆಯನ್ನು ಗೋಡೆಗೆ ಒರಗಿಸಿದ. ಅವಳ ಮುಖ ನೋಡಿದ, ನೆಲ ನೋಡಿದ.

“ಬರ್ರಿ ದೇವಿಕಾ. ಕೂಡ್ರಿ.”

“ಕುಂಡ್ರಾಕ ಬಂದಿಲ್ರಿ. ನಿನ್ನೆ ಸಂಜಿಕೆ ಭಾನುಪ್ರಕಾಶ ಫೋನ್ ಮಾಡಿದ್ದ. ಇವತ್ತು ಗದ್ವಾಲಕ್ಕ ಬಾ ಅಂತ ಕಾಲೇಜಿನಿಂದ ಅವಗ ಕರೆ ಬಂದೈತಂತ. ಸಾಯಣ್ಣಗೂ ಬಂದೈತಂತ. ನಾ ಅವರ ಕೂಡಾನೇ ಅರ್ಜಿ ಕೊಟ್ಟಿದ್ದೆನಲ್ಲ?”

ವಿಷಯ ಇಷ್ಟು. ಆ ಕೇಂದ್ರದಲ್ಲಿ ಓದು ಬಿಟ್ಟವರಿಗೆ, ಓದನ್ನೇ ಕಾಣದವರಿಗೆ ಸಂಜೆ ಪಾಠ ನಡೆಯುತ್ತದೆ. ಓಪನ್ ಸ್ಕೂಲಿನ ಟೆಂತ್ ಪಾಸಾದವರನ್ನು ಹಿಂದೆಲ್ಲ ಶಾಭಾಸ್ ಅಂತ ಬೆನ್ನು ತಟ್ಟಿ ಮನೆಗೆ ಕಳಿಸುತ್ತಿದ್ದರು. ಮರುದಿನ ಅವರಿಗೆ ಅದೇ ಬುಟ್ಟಿ, ಅದೇ ಸಲಿಕೆ. ಇದು ಸಾಲದು ಅಂತ ಸಂಕರ್ಷಣ ಗದ್ವಾಲದ ಕಮ್ಯುನಿಟಿ ಕಾಲೇಜಿಗೆ ಎಡತಾಕಿ, ಅಲ್ಲಿಯವರನ್ನು ಒಪ್ಪಿಸಿದ್ದ. ಇಲ್ಲಿ ಟೆಂತ್ ಜೊತೆಗೆ ಬ್ರಿಡ್ಜ್ ಕೋರ್ಸ್ ಮುಗಿಸಿದವರಿಗೆ ಅಲ್ಲಿ ನೇರವಾಗಿ ಕೆಲಸ ಕಲಿಸುವ ಕೋರ್ಸು, ಇರಲು ಹಾಸ್ಟೆಲ್ಲು. ಹೀಗೆ ಹೋಗುವ ಮೊದಲ ತಂಡ ಇವರದು. ದೇವಿಕಾ ಕೇಳಿದ್ದು ಎಲೆಕ್ಟ್ರಿಷಿಯನ್ ಕೋರ್ಸು.

ಸಿಗದಿದ್ದರೆ? ಸೋಮವಾರ ಮೇಸ್ತ್ರಿಯ ಗಾಡಿ ಹತ್ತಿ ಪುಣೆಗೆ ಹೋಗಬೇಕು, ಮತ್ತೆ ಮಣ್ಣು ಹೊರಬೇಕು. “ಈ ವಾರದಾಗ ಸೀಟು ಬಂದ್ರ ಹೋಗು, ಇಲ್ಲಂದ್ರ ನನ್ನ ಕೂಡ ನಡಿ” ಅಂತ ಅವ್ವ ಪೆಂಟಮ್ಮ ಹೇಳಿಯಾಗಿತ್ತು. ಪೆಂಟಮ್ಮ ಒಮ್ಮೆ ಹೇಳಿದರೆ ಮುಗಿಯಿತು.

ಸಂಕರ್ಷಣ ಕಪಾಟಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಅವಳ ಅರ್ಜಿಯೇ. ದೇವಿಕಾ ಎಳೆದುಕೊಂಡಳು. ಮಡಿಕೆಯಿಂದ ನಾಲ್ಕು ಕಾಳು ಮಂತ್ರಾಕ್ಷತೆ ಮೇಜಿನ ಮೇಲೆ ಉದುರಿತು.

“ಇದೇನ್ರೀ?”

“ಮಂತ್ರಾಲಯಕ್ಕ ಒಯ್ದಿದ್ದೆ.” ಅವನು ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದ. “ಗುರುವಾರ ರಾಯರ ಮುಂದ ಇಟ್ಟು, ಶುಕ್ರವಾರ ಗದ್ವಾಲಕ್ಕ ಮುಟ್ಟಿಸೋಣ ಅಂತ... ಕೊನೇ ತಾರೀಖು ಶನಿವಾರ ಅಂತಿತ್ತು. ನಿನ್ನೆ ಹೋದ್ರ, ಬುಧವಾರಕ್ಕೇ ಸೀಟು ತುಂಬ್ಯಾವ ಅಂದ್ರು.”

ದೇವಿಕಾ ಲಕೋಟೆಯನ್ನು ಮೇಜಿಗೆ ಬಡಿದಳು. ಮಾತು ಹೊರಟದ್ದು ನಿಲ್ಲಲಿಲ್ಲ.

“ಭಾನುಪ್ರಕಾಶಂದು ರಾಯರ ಮುಂದ ಇಟ್ರೇನು?”

“ಇಲ್ಲ.”

“ಸಾಯಣ್ಣಂದು?”

“ಇಲ್ಲ. ಅವರದೆಲ್ಲಾ ಸೋಮವಾರನ ಕೊಟ್ಟು ಬಂದೆ.”

“ಅಂದ್ರ ನಂದೊಂದೇ ಯಾತ್ರಿಗೆ ಹೋತಲ್ಲ! ನಮಗೂ ಮೈಲಾರಲಿಂಗ ಅದಾನ್ರಿ. ಅವನ್ನ ಕೈಮುಗದು ಬೇಡ್ತೀವಿ, ಅರ್ಜಿ ಕೊಡಾಕ ಹೆಗಲ ಮ್ಯಾಲೆ ಹೊತ್ಕೊಂಡು ತಿರಗಂಗಿಲ್ಲ. ಯಾರು ಹೇಳಿದ್ರು ನಿಮಗ? ನಾ ಹೇಳಿದ್ನಾ?”

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಅದು ಅವಳ ಸಿಟ್ಟಿಗೆ ಇನ್ನಷ್ಟು ಎಣ್ಣೆ ಹೊಯ್ದಿತು. ಲಕೋಟೆ ಎತ್ತಿಕೊಂಡವಳೇ ಗದ್ವಾಲಕ್ಕೆ ಹೊರಟುಬಿಟ್ಟಳು.

ಅವನೂ ಬಾಗಿಲಿಗೆ ಬೀಗ ಹಾಕಿ ಹಿಂದೆ ಓಡಿ ಬಂದ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇತ್ತು. ಅವಳು ತನ್ನ ಚೀಲ ಅಲ್ಲಿಟ್ಟಳು. ಅವನು ಹಿಂದಿನ ಸಾಲಿಗೆ ಹೋಗಿ ಕುಳಿತ.

ಕಂಡಕ್ಟರ್ ಬಂದ. ಹೆಂಗಸರಿಗೆ ಬಸ್ಸು ಪುಕ್ಕಟೆ, ಅವಳ ಆಧಾರ್ ನೋಡಿ ಜೀರೋ ಟಿಕೆಟ್ ಹರಿದ. ಹಿಂದಿನಿಂದ ಸಂಕರ್ಷಣನೂ ಅದೇ ಊರಿನ ಹೆಸರು ಹೇಳಿದ್ದು ಕೇಳಿ, “ಇದ್ದರೂ ಒಕಟೇನಾ?” ಅಂತ ತೆಲುಗಿನಲ್ಲಿ ಕೇಳಿದ, ಇಬ್ಬರೂ ಜೊತೆಗೇನಾ ಅಂತ.

“ಅಲ್ಲ!” ದೇವಿಕಾ ಅಂದದ್ದು ಡ್ರೈವರಿಗೂ ಕೇಳಿಸಿತು.

ಕಿಟಕಿಯಾಚೆ ನೋಡುತ್ತ ಕುಳಿತವಳಿಗೆ ಬೇಡವೆಂದರೂ ಪಾಠದ ಸಂಜೆಗಳೇ ಕಣ್ಣಿಗೆ ಕಟ್ಟುತ್ತಿದ್ದವು. ಸೀಮೆಸುಣ್ಣವನ್ನು ಎಲ್ಲರ ಕೈಗೂ ಕೊಡುವ ಮನುಷ್ಯ ಅವಳ ಸರದಿ ಬಂದಾಗ ಮಾತ್ರ ಮೇಜಿನ ಮೇಲಿಟ್ಟು ಕಿಟಕಿಯತ್ತ ತಿರುಗುತ್ತಿದ್ದ. ಅವಳೂ ಕಮ್ಮಿಯೇನಲ್ಲ. ಅವನು ಮತ್ತೆ ತಿರುಗಿ ನೋಡುವ ತನಕ ಸೀಮೆಸುಣ್ಣ ಮುಟ್ಟುತ್ತಲೇ ಇರಲಿಲ್ಲ. ತಿರುಗಿ ನೋಡಿ, ಅವಳ ಕಣ್ಣಿಗೆ ಸಿಕ್ಕಿಬಿದ್ದು, ಪಾಪ, ಆ ಕನ್ನಡಕ ಎಷ್ಟು ಒರೆಸುತ್ತಿದ್ದನೋ. ಅವಳಿಗೆ ಅದು ಇಷ್ಟವಾಗುತ್ತಿತ್ತು. ಬಹಳ ಇಷ್ಟವಾಗುತ್ತಿತ್ತು. ಈಗ ಅದನ್ನು ನೆನೆದರೆ ತನ್ನ ಮೇಲೂ ಸಿಟ್ಟು ಬರುತ್ತಿತ್ತು.

ಮಕ್ತಲದಲ್ಲಿ ಬಸ್ಸು ಬದಲಿಸಬೇಕಿತ್ತು. ಸಂಕರ್ಷಣ ಕಾಗದದಲ್ಲಿ ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿ ತಂದು, ಬಾಂಬಿನ ಹತ್ತಿರ ಬಂದವನ ಹಾಗೆ ಕೈ ಚಾಚಿದ.

“ಬೆಳಗಿನಿಂದ ಏನೂ ತಿಂದಿರಂಗಿಲ್ಲ.”

“ಇದನ್ನ ಯಾವ ದೇವ್ರ ಮುಂದ ಇಟ್ಟು ತಂದ್ರಿ?”

“ಇಲ್ಲ, ನೇರ ಬಂಡಿಯಿಂದ.”

ಅವಳಿಗೆ ನಗು ಬಂತು. ಬಂದದ್ದನ್ನು ಹಲ್ಲು ಕಚ್ಚಿ ನುಂಗಿದಳು. ಮಿರ್ಚಿಯನ್ನೂ ನುಂಗಿದಳು, ಸಿಟ್ಟಿದ್ದರೆ ಹಸಿವೆಯಾಗಬಾರದು ಅಂತೇನೂ ಇಲ್ಲವಲ್ಲ. ಮುಂದಿನ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡಳು. ಅವನು ಪಕ್ಕದಲ್ಲಿ ತುದಿಗೆ ಕುಳಿತ. ಜುರಾಲ ಅಣೆಕಟ್ಟಿನ ಗೇಟುಗಳ ಮೇಲೆ ಬಸ್ಸು ಹೋಗುವಾಗ ಕೃಷ್ಣೆಯ ಗಾಳಿಗೆ ಅವಳ ಸೆರಗು ಹಾರಿ ಅವನ ತೋಳಿಗೆ ತಾಗಿತು. ಅವನು ಉಸಿರು ಬಿಗಿಹಿಡಿದದ್ದು ಅವಳಿಗೆ ಗೊತ್ತಾಯಿತು. ಅವಳು ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಸ್ವಲ್ಪ ತಡವಾಗಿ.

ಗದ್ವಾಲದ ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಸುಗುಣಮ್ಮ ಲಕೋಟೆ ನೋಡಿ ತಲೆಯಾಡಿಸಿದರು.

“ಏಮ್ಮಾ, ನಿನ್ನೆನೇ ಹೇಳಿದ್ದೆನಲ್ಲ ಇವರಿಗೆ. ಸೀಟು ತುಂಬಿವೆ. ಮುಂದಿನ ವರ್ಷ ಬಾ.”

“ಮುಂದಿನ ವರ್ಷ ನಾ ಎಲ್ಲಿರ್ತೀನೋ ಯಾರಿಗೆ ಗೊತ್ರಿ, ಮೇಡಂ?” ದೇವಿಕಾ ಎರಡೂ ಕೈ ಮೇಜಿನ ಮೇಲೆ ಊರಿದಳು. “ನಾ ನಡಿಯಾಕ ಕಲತದ್ದೇ ಪುಣೆದಾಗ, ಕಟ್ಟೋ ಬಿಲ್ಡಿಂಗಿನಾಗ. ಗ್ವಾಡಿ ಎದ್ದಿರತಾವ, ಬಾಗಿಲು ಇರಂಗಿಲ್ಲ, ಅಲ್ಲೇ ಮಕ್ಕೋತಿದ್ವಿ. ಕಡೀಕ ವೈರಿನ ಮಂದಿ ಬರತಿದ್ರು. ಲೈಟ್ ಹತ್ತಿದ ದಿನ ನಮಗ ‘ಖಾಲಿ ಮಾಡ್ರಿ’ ಅಂತಿದ್ರು. ಎಷ್ಟು ಮನಿ ಕಟ್ಟೀವಿ, ಒಂದರಾಗೂ ಲೈಟ್ ಹಾಕಿದ ಮ್ಯಾಲೆ ಕುಂತಿಲ್ಲ ನಾವು. ಆ ಲೈಟ್ ನಾನೇ ಹಚ್ಚಬೇಕು ಅಂತ ಆಗ ಅನ್ಕೊಂಡಿದ್ದೆ. ದಯಾ ತೋರಸ್ರಿ ಅಂತ ಕೇಳಾಕ ಬಂದಿಲ್ಲ. ಟೆಂತ್ ಪಾಸಾಗೀನಿ, ಬ್ರಿಡ್ಜ್ ಕೋರ್ಸ್ ಪಾಸಾಗೀನಿ. ಸೀಟು ನಂದು.”

ಸುಗುಣಮ್ಮ ಕನ್ನಡಕ ತೆಗೆದು ಸಂಕರ್ಷಣನ ಕಡೆ ತಿರುಗಿದರು. “ಹಾಗಿದ್ದರೆ ಉಳಿದವರ ಜೊತೆ ಸೋಮವಾರವೇ ಯಾಕೆ ಕೊಡಲಿಲ್ಲ? ಇವಳೊಬ್ಬಳದನ್ನು ಯಾಕೆ ಇಟ್ಟುಕೊಂಡಿರಿ?”

ಸಂಕರ್ಷಣ ಒಂದು ಹೆಜ್ಜೆ ಮುಂದೆ ಬಂದ.

“ತಪ್ಪು ನಂದು, ಮೇಡಂ. ಇವರದಲ್ಲ. ಉಳಿದವರದೂ ಆಗಬೇಕು ಅಂತ ಇತ್ತು. ಇವರದು ಮಾತ್ರ ಆಗಲಿಲ್ಲಂದ್ರ ಏನು ಗತಿ ಅಂತ ಭಯ ಇತ್ತು. ಅದಕ್ಕ ರಾಯರ ಹತ್ರ ಓಡಿದೆ.” ಉಳಿದದ್ದನ್ನು ಒಂದೇ ಉಸಿರಿಗೆ ಮುಗಿಸಿದ. “ನಂಗ ಇವರಂದ್ರ ಪ್ರೀತಿ ಅದ.”

ಮೂಲೆಯಲ್ಲಿ ಗುಮಾಸ್ತ ಲಕ್ಷ್ಮಯ್ಯ ಪಿನ್ ಹೊಡೆಯುವುದನ್ನು ನಿಲ್ಲಿಸಿದ.

ದೇವಿಕಾಳ ಮುಖಕ್ಕೆ ರಕ್ತ ನುಗ್ಗಿತು. ಅಯ್ಯೋ ಶಿವನೇ! ಈ ಮಾತಿಗೆ ಎಷ್ಟು ಸಂಜೆ ಕಾದಿದ್ದಳು! ಕೇಳಿಸಿದ್ದು ಮಾತ್ರ ಇಲ್ಲಿ, ಫ್ಯಾನು ಕಿರುಗುಟ್ಟುವ ಆಫೀಸಿನಲ್ಲಿ, ಸೀಟು ಕಳೆದುಹೋದ ದಿನ.

“ಇದನ್ನ ಹೇಳಾಕ ನಿಮಗ ಇದೇ ಜಾಗ ಸಿಕ್ತೇನು?” ಅಂದಳು, ಹಲ್ಲಿನ ಸಂದಿಯಿಂದ.

“ಅದು ನಿಮ್ಮಿಬ್ಬರ ವಿಷಯ, ಹೊರಗೆ ಮಾತಾಡಿಕೊಳ್ಳಿ. ಸೀಟು ಬೇರೆ ವಿಷಯ.” ಸುಗುಣಮ್ಮನ ದನಿ ಗಡುಸೇ ಇತ್ತು. “ವಡ್ಡೆಪಲ್ಲಿಯ ಶಿವಕಾಂತ ಅನ್ನುವವನು ಇನ್ನೂ ಬಂದು ಸೇರಿಲ್ಲ. ಊಟದ ಗಂಟೆಯವರೆಗೆ ಅವನಿಗೆ ಸಮಯ ಇದೆ. ಬಂದನೋ, ಸೀಟು ಅವನದು. ಬರದಿದ್ದರೆ, ಪಾಸಾಗಿ ಎದುರಿಗಿದ್ದವರದು. ಆದರೆ ಇವತ್ತೇ ಸೇರಬೇಕು, ಇಲ್ಲೇ ಉಳಿಯಬೇಕು. ನಾಳೆ ಅಂದರೆ ಆಗುವುದಿಲ್ಲ.”

ಇಬ್ಬರೂ ವರಾಂಡದ ಬೆಂಚಿನ ಮೇಲೆ ಕುಳಿತರು. ನಡುವೆ ಇನ್ನಿಬ್ಬರು ಕೂಡುವಷ್ಟು ಜಾಗವಿತ್ತು.

ಗೇಟಿನಲ್ಲಿ ಗಾಡಿಯ ಸದ್ದಾದಾಗಲೆಲ್ಲ ದೇವಿಕಾ ಅರ್ಧ ಎದ್ದು ನಿಲ್ಲುತ್ತಿದ್ದಳು. ಹಾಲಿನವನು ಬಂದ, ಯಾರೋ ಮೇಷ್ಟ್ರು ಬಂದರು. ಮುಖವೇ ಕಾಣದ ಆ ಶಿವಕಾಂತ ಬರದಿರಲಿ ಅಂತ ಬೇಡಿಕೊಳ್ಳುವುದು ಎಂಥ ಕೆಟ್ಟ ಕೆಲಸ! ಅದನ್ನೂ ತನ್ನಿಂದ ಮಾಡಿಸುತ್ತಿದ್ದಾನಲ್ಲ ಈ ಮನುಷ್ಯ.

“ತಪ್ಪಾತು,” ಅಂದ ಸಂಕರ್ಷಣ.

“ತಪ್ಪಾತು ಅಂದ್ರ ಮುಗೀತಾ?”

“ಮುಗಿಯಂಗಿಲ್ಲ. ಆದ್ರೂ ಹೇಳಬೇಕಲ್ಲ.”

“ದೇವರನ್ನ ಕೇಳಿದ್ರಿ. ನನ್ನ ಕೇಳಲಿಲ್ಲ. ‘ದೇವಿಕಾ, ನಾಕು ದಿನ ತಡಾ ಮಾಡ್ಲ್ಯಾ?’ ಅಂತ ಒಂದ್ ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗತಿತ್ತು? ನನ್ನ ಬಾಳೇವು ನಿಮ್ಮ ಚೀಲದಾಗ ಇಟ್ಕೊಂಡು ಊರೂರು ತಿರಿಗೀರಿ. ಅದಕ್ಕ ಪ್ರೀತಿ ಅಂತ ಹೆಸರಿಟ್ರಿ.”

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಈ ಸಲ ಕಿಟಕಿಯತ್ತ ತಿರುಗಲಿಲ್ಲ, ಕನ್ನಡಕವನ್ನೂ ಒರೆಸಲಿಲ್ಲ.

“ನೀವು ಹೇಳೋದು ಖರೇ ಅದ. ನಂಗ ಅದು ಹೊಳೀಲೇ ಇಲ್ಲ. ಹೊಳೀಬೇಕಿತ್ತು.” ಆಮೇಲೆ ಮೆಲ್ಲಗೆ ಕೇಳಿದ, “ನಿಮಗ ನನ್ನ ಮ್ಯಾಲೆ... ಏನರ ಅದಯೇನು?”

“ಸಿಟ್ಟೈತಿ. ಅದರ ಹಿಂದ ಇನ್ನೇನೈತೋ ಈಗ ಕಾಣವಲ್ದು. ಸುಮ್ಕ ಕುಂಡ್ರಿ.”

ಅವಳ ಕೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅದನ್ನು ಹಿಡಿಯಬೇಕು ಅಂತ ಅವನ ಕೈ ಬೆಂಚಿನ ಮೇಲೆ ಅರ್ಧ ದಾರಿ ಬಂದು, ಅಲ್ಲೇ ನಿಂತಿತು. “ಹಿಡೀಲ್ಯಾ?” ಅಂತ ಕೇಳಿದ. ದೇವಿಕಾ ಗೇಟಿನಿಂದ ಕಣ್ಣು ಕೀಳದೆಯೇ ತನ್ನ ಕೈಯನ್ನು ಅವನ ಕಡೆ ಸರಿಸಿದಳು. ಊಟದ ಗಂಟೆ ಹೊಡೆಯುವವರೆಗೆ ಅವನು ಅದನ್ನು ಬಿಡಲಿಲ್ಲ.

ಗಂಟೆ ಹೊಡೆಯಿತು. ಲಕ್ಷ್ಮಯ್ಯ ಬಾಗಿಲಿಗೆ ಬಂದು ಗೇಟಿನತ್ತ ಒಮ್ಮೆ ನೋಡಿದ, ಅವಳತ್ತ ನೋಡಿದ. “ದೇವಿಕಾ, ಒಳಗೆ ಬಾ. ಸಹಿ ಮಾಡು” ಅಂದ.

ಸಹಿ ಮಾಡಿ ಹೊರಗೆ ಬಂದವಳ ಕಣ್ಣು ತುಂಬಿತ್ತು. ಸಂಕರ್ಷಣ ಏನೋ ಹೇಳಲು ಹೊರಟ. ಅವಳು ಬೆರಳೆತ್ತಿ ನಿಲ್ಲಿಸಿದಳು.

“ಸೀಟು ಸಿಕ್ತಂತ ನಿಮ್ಮ ತಪ್ಪು ತೊಳದು ಹೋಗಿಲ್ಲ. ಶಿವಕಾಂತ ಬಂದಿದ್ರ ನಾ ಸೋಮವಾರ ಪುಣೆಗೆ ಹೋಗತಿದ್ದೆ. ಈಗ ಕೇಳ್ರಿ. ನಾ ಇಲ್ಲೇ ಉಳೀಬೇಕು. ನಮ್ಮವ್ವಗ ಯಾರು ಹೇಳ್ತಾರ?”

“ನಾನು.”

“ಫೋನಿನಾಗಲ್ಲ. ದಾಮರಗಿದ್ದಕ್ಕ ಹೋಗಿ, ಮನಿ ಮುಂದ ನಿಂತು ಹೇಳಬೇಕು. ಅರ್ಜಿ ಯಾಕ ತಡಾ ಆತು ಅನ್ನೋದೂ ಹೇಳಬೇಕು. ಆಫೀಸಿನಾಗ ಹೇಳಿದ್ರಲ್ಲ, ಅದನ್ನೂ ಹೇಳಬೇಕು. ಲಕ್ಷ್ಮಯ್ಯಗ ಗೊತ್ತಾದದ್ದು ನಮ್ಮವ್ವಗ ಗೊತ್ತಾಗಬಾರದೇನು?”

“ಹೊಡದ್ರ?”

“ಹೊಡಿಸ್ಕೊಳ್ರಿ.”

ಅವನು ಹೊರಟ. ಗೇಟು ದಾಟುವ ತನಕ ಅವಳು ಅವನ ಬೆನ್ನು ನೋಡುತ್ತ ನಿಂತಿದ್ದಳು. ಅರ್ಚಕರ ಮನೆಯ ಮಗ. ಅವರ ಮನೆಯವರು ಅವಳಿರುವ ಕುರುಬರ ಓಣಿಗೆ ಬಂದರೂ ನಿಂತೇ ಮಾತಾಡಿ ಹೋಗುವವರು, ಒಂದು ಗುಟುಕು ನೀರೂ ಮುಟ್ಟುವವರಲ್ಲ. ಹೋಗುತ್ತಾನೋ, ಅರ್ಧ ದಾರಿಯಲ್ಲಿ ಇಳಿದು ಮನೆ ಸೇರುತ್ತಾನೋ. ಮಧ್ಯಾಹ್ನದ ಮೊದಲ ಪಾಠದಲ್ಲಿ ಮೇಷ್ಟ್ರು ಮೀಟರಿನ ಬಗ್ಗೆ ಹೇಳಿದ್ದರಲ್ಲಿ ಅರ್ಧ ಅವಳ ತಲೆಗೆ ಹೋಗಲಿಲ್ಲ. ಅದಕ್ಕೂ ಅವನನ್ನೇ ಬೈದಳು.

ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕುಳಿತಿದ್ದಾಗ ಫೋನು ಬಂತು. ಅವ್ವ.

“ಸೀಟು ಸಿಕ್ತಂತಲ್ಲವ್ವಾ ನನ್ನ ಮಗಳ. ಮೇಸ್ತ್ರಿಗೆ ಹೇಳಿದೆ, ನಾ ಒಬ್ಬಾಕಿನೇ ಬರತೀನಿ ಅಂತ.”

“ಅವರು ಬಂದಿದ್ರಾ?”

“ಬಂದ. ಬಾಗಿಲಾಗ ನಿಂತು ಒಂದೂ ಬಿಡದಂಗ ಹೇಳಿದ. ಬೈದೆ. ಓಣಿ ಮಂದಿ ಕೂಡೂವಂಗ ಬೈದೆ. ‘ನನ್ನ ಮಗಳ ಬಾಳೇವು ಆಟ ಅನ್ಕೊಂಡಿಯೇನೋ’ ಅಂದೆ. ತಲಿ ಬಾಗಿಸಿ ಕೇಳಿದ, ಎದುರು ಮಾತಾಡಲಿಲ್ಲ.”

“ಆಮ್ಯಾಲೆ?”

“ಆಮ್ಯಾಲೆ ನಾನೇ ಸುಸ್ತಾದೆ. ರೊಟ್ಟಿ ಬಡೀತಿದ್ದೆ. ಹಸದಾನ ಅಂತ ಮುಖ ನೋಡಿದ್ರ ಕಾಣತಿತ್ತು. ನೀವು ನಮ್ಮನ್ಯಾಗ ತಿನ್ನೋರಲ್ಲ ಬಿಡಪ್ಪಾ ಅಂದೆ.” ಪೆಂಟಮ್ಮ ದನಿ ತಗ್ಗಿಸಿದಳು. “ಕಾಲು ತೊಳಕೊಂಡು ಒಳಗ ಬಂದು ಒಲಿ ಮುಂದ ಕುಂತ. ರೊಟ್ಟಿ, ಪುಂಡಿಪಲ್ಯ ಉಂಡ. ಮತ್ತೊಂದು ಹಾಕ್ರಿ ಅಂದ.”

ದೇವಿಕಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಅವ್ವ ಫೋನನ್ನು ಅವನ ಕೈಗೆ ಕೊಟ್ಟ ಸದ್ದಾಯಿತು.

“ದೇವಿಕಾ? ಇನ್ನೂ ಸಿಟ್ಟದ?”

“ಐತಿ,” ಅಂದಳು. “ನಾಳೆ ಐತವಾರ, ಬಾ. ಎದುರಿಗೆ ಕುಂದರಿಸಿ ಬೈಯೋದು ಇನ್ನೂ ಬಾಳ ಐತಿ.”

‘ಬರ್ರಿ’ ಅನ್ನಬೇಕಿತ್ತು, ಅನ್ನಲಿಲ್ಲ.

“ಕೇಳ್ತಾ?” ಅಂದಳು.

“ಕೇಳ್ತು,” ಅಂದ ಅವನು. “ಬರತೀನಿ.”