ಬೆಟ್ಟಂಪಾಡಿಯ ಮೇಲೆ ಆರು ಸಾವಿರ ಅಡಿ

"ಎದುರು ನೋಡಿ ಅಣ್ಣಾ!" ಸಂಪ್ರೀತ್ ಕಿರುಚಿದ.

ನೋಡಿದೆ. ನೋಡಬಾರದಿತ್ತು!

ಬಿಳಿಯ ಜೆಟ್ ವಿಮಾನ... ಮೋಡದಿಂದ ಹೊರಬಿದ್ದು ನೇರವಾಗಿ ನಮ್ಮ ಕಡೆಗೇ ಇಳಿಯುತ್ತಿತ್ತು. ನಮ್ಮದೋ ಎರಡೇ ಸೀಟಿನ ಪುಟಾಣಿ. ಬಾಗಿಲು ಹಾಕಲು ಎರಡು ಸಲ ಎಳೆಯಬೇಕು.

ಹೆದರಿದೆಯಾ ಎಂದು ಕೇಳುತ್ತೀರಾ? ಹೆದರಿದೆ ಸ್ವಾಮಿ! ಹದಿನೆಂಟು ವರ್ಷಗಳಿಂದ ಪುತ್ತೂರಿನಲ್ಲಿ ಪತ್ತೇದಾರಿಕೆ ಮಾಡುತ್ತಿದ್ದೇನೆ. ಚೂರಿ ಎದುರಿಸಿದ್ದೇನೆ, ಕತ್ತಿ ಎದುರಿಸಿದ್ದೇನೆ. ರೆಕ್ಕೆ ಇರುವುದು ಎದುರು ಬಂದದ್ದು ಇದೇ ಮೊದಲು.

ಎಲ್ಲ ಕುಂಞಿ ಮೋನು ಹಾಜಿಯವರಿಂದ. ಕಡಬದ ಹತ್ತಿರ ಗುಡ್ಡ ಸಮತಟ್ಟು ಮಾಡಿಸಿ ರನ್‌ವೇ ಹಾಕಿಸಿದವರು ಅವರು. ಜನರಿಗೆ ಅವರವರ ಮನೆಯನ್ನು ಮೇಲಿನಿಂದ ತೋರಿಸುವ ವ್ಯಾಪಾರ. ಪೈಲಟ್, ಸುಳ್ಯದ ಸಂಪ್ರೀತ್. ಒಂದೇ ತಿಂಗಳಲ್ಲಿ ಎರಡು ದೂರು ಬಂದಿತ್ತು... ಇವನ ವಿಮಾನ ಪ್ರಯಾಣಿಕರ ವಿಮಾನಗಳ ತೀರಾ ಹತ್ತಿರ ಬರುತ್ತದಂತೆ! ಹಾಜಿಯವರು ದುಬೈಯಿಂದ ನನಗೆ ಫೋನ್ ಮಾಡಿದ್ದರು.

"ಸಾಹುಲ್ ಹಮೀದ್, ಅವನೊಟ್ಟಿಗೆ ಒಂದು ರೌಂಡ್ ಹೋಗು. ಅವನದ್ದು ತಪ್ಪು ಉಂಟಾದರೆ ಕೆಲಸದಿಂದ ತೆಗೆಯುದೇ!"

ಅರ್ಧ ಗಂಟೆ ನೋಡಿದೆ. ತಪ್ಪೇ ಇಲ್ಲ! ದೀಪ ಉರಿಯುತ್ತಿತ್ತು. ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್ ಆನ್ ಇತ್ತು. ಕಣ್ಣು ಸದಾ ಆಕಾಶದ ಮೇಲೆ. ರೇಡಿಯೋದಲ್ಲಂತೂ ಬಾಯಿಗೆ ಬಿಡುವೇ ಇರಲಿಲ್ಲ.

ಈಗಲೂ ಇಂಗ್ಲಿಷಿನಲ್ಲಿ ಕೂಗುತ್ತಿದ್ದ. "ಬೆಟ್ಟಂಪಾಡಿ ಮೇಲಿದ್ದೇನೆ! ಕಾಣಿಯೂರಿಗೆ ಹೋಗುತ್ತಿದ್ದೇನೆ!"

ಜೆಟ್‌ನ ಪೈಲಟ್ ಉತ್ತರಿಸಿದ. ಉತ್ತರ ಭಾರತದ ಧ್ವನಿ.

"ನನ್ನ ಪರದೆಯಲ್ಲಿ ಒಂದು ಚುಕ್ಕೆ ಕಾಣುತ್ತಿದೆ. ಅದು ನೀವಾ? ಬೆಟ್ಟಂಪಾಡಿ ಎಲ್ಲಿದೆ?"

"ಶಾಲೆಯ ಗುಡ್ಡೆಯ ಹತ್ತಿರ!"

ಆಗ ಹೊಳೆಯಿತು!

ಹೋದ ವರ್ಷ ಓಡಿಹೋದ ಮದುಮಗನೊಬ್ಬನನ್ನು ಹುಡುಕುತ್ತಿದ್ದೆ. ಸುಳ್ಯದಲ್ಲಿ ಕುಶಾಲಪ್ಪ ಎಂಬವರು ದಾರಿ ಹೇಳಿದರು. "ಜಾಲ್ಸೂರಿಂದ ಸ್ವಲ್ಪ ಮುಂದೆ, ಮೊದಲೊಂದು ಹಲಸಿನ ಮರ ಇತ್ತಲ್ಲ... ಅಲ್ಲಿ ತಿರುಗುದು." ಮರ ಬಿದ್ದು ಮೂರು ವರ್ಷವಾಗಿತ್ತು! ನಾನು ದಾರಿ ತಪ್ಪಿ ಕೇರಳ ಸುತ್ತಿ ಬಂದೆ.

"ಮಾರಾಯಾ!" ನಾನು ಅಬ್ಬರಿಸಿದೆ. "ಆ ಜೆಟ್‌ನವನಿಗೆ ಬೆಟ್ಟಂಪಾಡಿಯಲ್ಲಿ ಮಾವನ ಮನೆ ಉಂಟಾ? ಏರ್‌ಪೋರ್ಟಿಂದ ಎಷ್ಟು ಮೈಲು, ಯಾವ ದಿಕ್ಕು, ಎಷ್ಟು ಎತ್ತರ... ಅದನ್ನು ಹೇಳು!"

ಅವನ ಕಣ್ಣು ಜಿಪಿಎಸ್‌ಗೆ ಹಾರಿತು.

"ಏರ್‌ಪೋರ್ಟಿನ ಆಗ್ನೇಯಕ್ಕೆ ಇಪ್ಪತ್ತನಾಲ್ಕು ಮೈಲು! ಆರು ಸಾವಿರ ಅಡಿ! ಬಲಕ್ಕೆ ತಿರುಗುತ್ತಿದ್ದೇನೆ!"

"ಈಗ ನೀವು ಕಾಣಿಸಿದಿರಿ. ನಾನೂ ಬಲಕ್ಕೆ!"

ವಿಮಾನ ವಾಲಿತು. ಎಡಗಡೆ ಬಿಳಿ ಗೋಡೆಯೊಂದು ಸರಿದು ಹೋಯಿತು. ಕಿಟಕಿಗಳನ್ನು ಎಣಿಸಬಹುದಿತ್ತು.

"ಇನ್ನು ಕಡಬಕ್ಕೆ ತಿರುಗಿಸು..."

"ಈಗ ಆ ಕಡೆ ಹೋಗುದಲ್ಲ ಅಣ್ಣಾ. ದೊಡ್ಡ ವಿಮಾನದ ಹಿಂದೆ ಗಾಳಿಯ ಸುಳಿ ಉಂಟು, ನಮ್ಮನ್ನು ಮಗುಚಿ ಹಾಕ್ತದೆ. ಮೂರು ನಿಮಿಷ ಕಾಯುದು."

ಗಡಿಯಾರ ನೋಡಿ ಮೂರು ನಿಮಿಷ ಪೂರ್ತಿ ಕಾದ. ಆ ಕ್ಷಣ ಅವನು ನನಗೆ ಇಷ್ಟವಾಗಿಬಿಟ್ಟ!

ಇಳಿದೆವು. ಕಾಲು ನೆಲಕ್ಕೆ ತಾಗಿದ ಮೇಲೆ ಅವನು ಕೇಳಿದ್ದು ಒಂದೇ ಮಾತು.

"ನನ್ನ ಕೆಲಸ ಹೋಯ್ತಾ ಅಣ್ಣಾ?"

ಉತ್ತರಿಸುವ ಮೊದಲೇ ಫೋನ್ ರಿಂಗಾಯಿತು. ಹಾಜಿಯವರು! ಸ್ಪೀಕರ್ ಹಾಕಿದೆ.

"ಎಂತ ಆಯ್ತು? ತಪ್ಪು ಉಂಟಾ?"

"ಒಂದು ಇತ್ತು ಹಾಜಿಯವರೇ. ರೇಡಿಯೋದಲ್ಲಿ ಊರಿನ ಹೆಸರು ಹೇಳ್ತಿದ್ದ. ಇನ್ನು ಮೈಲು, ದಿಕ್ಕು ಹೇಳ್ತಾನೆ. ಪೈಲಟ್ ಒಳ್ಳೆಯವನು. ಬಿಡಬೇಡಿ."

"ನಿನ್ನ ಮಾತಿನ ಮೇಲೆ ಇಟ್ಟುಕೊಳ್ಳುವ."

ಸಂಪ್ರೀತ್ ಉಸಿರು ಬಿಟ್ಟ.

"ಇನ್ನೊಂದು ಕೆಲಸ ಉಂಟು," ಹಾಜಿಯವರು ಗುಡುಗಿದರು. "ದುಬೈಯಿಂದ ಬೆಂಗಳೂರಿಗೆ ಬಂದು ಈಗಷ್ಟೇ ಇಲ್ಲಿಯ ಏರ್‌ಪೋರ್ಟಿನಲ್ಲಿ ಇಳಿದೆ ಮಾರಾಯಾ. ದಾರಿಯಲ್ಲಿ ಕಿಟಕಿಯ ಹೊರಗೇ ಒಂದು ಸಣ್ಣ ವಿಮಾನ! ಹೆದರಿ ಕುರಾನಿನ ಯಾಸೀನ್ ಓದಿದೆ. ಅದು ಯಾವ ಹುಚ್ಚನದ್ದು? ಪತ್ತೆ ಮಾಡು!"

ಸಂಪ್ರೀತ್ ಬಿಳಿಚಿಕೊಂಡ.

"ಪತ್ತೆಯಾಗಿದೆ ಹಾಜಿಯವರೇ."

"ಎಲ್ಲಿ ಉಂಟು ಅವನು?"

"ಜಾಲ್ಸೂರಿಂದ ಸ್ವಲ್ಪ ಮುಂದೆ," ಎಂದೆ, "ಮೊದಲೊಂದು ಹಲಸಿನ ಮರ ಇತ್ತಲ್ಲ... ಅಲ್ಲಿ ತಿರುಗುದು!"